ಉಪ್ಪಿನಕಾಯಿ ಕಂಪನಿಯ ಕೊನೆಯ ನಾವಿಕ

ಟ್ರೀನಾ ವಿಯರ್ಸ್ಮಾ ಅವರನ್ನು ನಾನು ಪೂರಾ ಎಂಟು ತಿಂಗಳು ನಮ್ಮ ಕಂಪನಿಯ ಉಪಾಧ್ಯಕ್ಷೆ ಎಂದೇ ನಂಬಿದ್ದೆ. ಟೆರ್ ಬೀಕ್ ಉಪ್ಪಿನಕಾಯಿ ಕಂಪನಿಯ ಹಳೆಯ ಗೋದಾಮಿನ ಮಹಡಿಯಲ್ಲಿ, ಹಜಾರದ ಕಟ್ಟಕಡೆಗೆ, ಅವರ ಕೋಣೆಯಿತ್ತು. ಬಾಗಿಲಿಗೆ ಹಿತ್ತಾಳೆಯ ಫಲಕ: 'ಉಪಾಧ್ಯಕ್ಷರು, ವಿಡಿಯೋ ಮನರಂಜನೆ'. ಒಳಗೆ ಇದ್ದವರು ಅವರೊಬ್ಬರೇ. ಬಾಗಿಲ ಮೇಲೆ ಬರೆದದ್ದನ್ನು ನಂಬದಿದ್ದರೆ ಇನ್ನೇನನ್ನು ನಂಬಬೇಕು?

ನಾನು ಕೆಲಸಕ್ಕೆ ಸೇರಿದ್ದು ೧೯೮೪ರ ಜನವರಿಯಲ್ಲಿ, ನೌಕರರಿಗಾಗಿ ತಿಂಗಳಿಗೊಮ್ಮೆ ಬರುವ 'ಉಪ್ಪುನೀರು' ಪತ್ರಿಕೆಯ ಸಂಪಾದಕನಾಗಿ. ಎಂಟು ಪುಟದ ಪತ್ರಿಕೆ. ಅದರಲ್ಲಿ ಎರಡು ಪುಟ, ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಪಂದ್ಯಗಳ ಫಲಿತಾಂಶ. ಆದರೂ ಸಂಪಾದಕ ಸಂಪಾದಕನೇ ಎಂದು ನಾನು ಹೊಸ ಕೋಟು ಹೊಲಿಸಿಕೊಂಡಿದ್ದೆ. ಟ್ರೀನಾ ಎದುರು ಬಂದರೆ ಎದ್ದು ನಿಲ್ಲುತ್ತಿದ್ದೆ, ಬಾಗಿಲು ಹಿಡಿಯುತ್ತಿದ್ದೆ, ಹವಾಮಾನದ ಬಗ್ಗೆ ಅವರ ಅಭಿಪ್ರಾಯ ಕೇಳಿ ಒಪ್ಪಿಕೊಳ್ಳುತ್ತಿದ್ದೆ. ಸೆಪ್ಟೆಂಬರ್ ಸಂಚಿಕೆಯಲ್ಲಿ ಅವರ ಚಿತ್ರವನ್ನೂ ಹಾಕಿದೆ. ಅಂಗಳದಲ್ಲಿ ಸೌತೆಕಾಯಿ ಲಾರಿಗಳ ಪಕ್ಕ ಅವರು ಬಗ್ಗಿ ನೋಡುತ್ತಿದ್ದ ಚಿತ್ರ. ಕೆಳಗೆ 'ಮಾನ್ಯ ಉಪಾಧ್ಯಕ್ಷೆಯವರಿಂದ ಈ ವರ್ಷದ ಫಸಲಿನ ಖುದ್ದು ಪರಿಶೀಲನೆ' ಎಂಬ ಒಕ್ಕಣೆ.

ಮರುದಿನ ಅವರು ಪತ್ರಿಕೆ ಹಿಡಿದು ನನ್ನ ಮೇಜಿಗೇ ಬಂದರು.

"ಏನ್ರೀ ಪತ್ರಿಕೆಯವ್ರೇ, ನಾನು ಫಸಲು ನೋಡ್ತಿರ್ಲಿಲ್ಲ. ಕನ್ನಡಕದ ಡಬ್ಬಿ ಬಿದ್ದೋಗಿತ್ತು, ಹುಡುಕ್ತಿದ್ದೆ."

"ಮೇಡಂ, ಉಪಾಧ್ಯಕ್ಷರಾಗಿ ತಾವು..."

"ಯಾವ ಉಪಾಧ್ಯಕ್ಷೆ? ನಾನು ಟೈಪಿಸ್ಟು. ಉಪಾಧ್ಯಕ್ಷರು ಈಗ ಮುಚ್ಚಳದ ವಿಭಾಗದಲ್ಲಿ ಮುಚ್ಚಳ ಎಣಿಸ್ತಿದಾರೆ. ಆ ಫಲಕ ಬಿಚ್ಚೋಕೆ ಒಂದು ಸ್ಕ್ರೂಡ್ರೈವರ್ ಕೊಡಿ ಅಂತ ಚೀಟಿ ಕಳ್ಸಿ ವರ್ಷ ಆಯ್ತು. ನಿಮ್ಹತ್ರ ಇದ್ಯಾ?"

ನನ್ನ ಹತ್ತಿರ ಇರಲಿಲ್ಲ. ಇಡೀ ಕಾರ್ಖಾನೆ ಒಂದು ವಾರ ನಕ್ಕಿತು. ಸೌತೆಕಾಯಿ ತೊಳೆಯುವ ಹೆಂಗಸರು ಟ್ರೀನಾ ಹಾದುಹೋದರೆ ಸೆಲ್ಯೂಟ್ ಹೊಡೆದರು. ಟ್ರೀನಾ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಬಾಯಲ್ಲಿ ಒಂದು ಪೆಪ್ಪರ್‌ಮಿಂಟ್ ಹಾಕಿಕೊಂಡು ತಮ್ಮ ಹಜಾರ ಹಿಡಿದು ನಡೆದರು. ನಮ್ಮ ನ್ಯೂ ಹೋರ್ನ್ ಊರಿನಲ್ಲಿ ಪೆಪ್ಪರ್‌ಮಿಂಟ್ ಬಾಯಿಗೆ ಬೀಳುವುದು ಪಾದ್ರಿಗಳು ಪ್ರವಚನ ಶುರುಮಾಡಿದಾಗ. ಅಂದರೆ, ಇನ್ನು ಸಹಿಸಿಕೊಳ್ಳಬೇಕಾದದ್ದು ಬಹಳವಿದೆ ಎಂದರ್ಥ.

ಉಪ್ಪಿನಕಾಯಿಯವರಿಗೆ ವಿಡಿಯೋ ಆಟ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಊರಿನವರೂ ಕೇಳಿದ್ದರು. ಒಂದೆರಡು ವರ್ಷ ಹಿಂದೆ ಅಮೆರಿಕದ ಮಕ್ಕಳೆಲ್ಲ ಟಿವಿಯ ಮುಂದೆ ಕೂತು ಗುಂಡಿ ಒತ್ತುತ್ತಿದ್ದ ಕಾಲವದು. ಗಂಜಿ ಮಾಡುವವರು, ಸಾಬೂನು ಮಾಡುವವರು, ನಾಯಿಗೆ ತಿನಿಸು ಮಾಡುವವರು, ಎಲ್ಲರೂ ಆಟಗಳ ಕಂಪನಿ ತೆರೆಯುತ್ತಿದ್ದರು. ನಮ್ಮ ಯಜಮಾನರಾದ ಕಾರ್ನೀಲಿಯಸ್ ಟೆರ್ ಬೀಕ್ ಅವರಿಗೆ ರಾಡ್ನಿ ಎಂಬ ಅಳಿಯನಿದ್ದ. ಅಳಿಯನಿಗೆ ಏನಾದರೊಂದು ಕೆಲಸ ಬೇಕಿತ್ತು. ೧೯೮೨ರ ವಸಂತದಲ್ಲಿ ಅಂಗಳದಲ್ಲಿ ಬಟ್ಟೆಯ ಬ್ಯಾನರ್ ಕಟ್ಟಿ, 'ಉಪ್ಪಿನಕಾಯಿಯಿಂದ ಭವಿಷ್ಯದೆಡೆಗೆ' ಎಂದು ಬರೆಸಿ, ಹೊಸ ಉಪಾಧ್ಯಕ್ಷನಾಗಿ ರಾಡ್ನಿ ಭಾಷಣ ಮಾಡಿದನಂತೆ. ಕ್ಯಾಲಿಫೋರ್ನಿಯಾದಿಂದ ಆಟ ಬರೆಯುವ ಹದಿನೈದು ಜನ ಚಪ್ಪಲಿ ಮೆಟ್ಟಿಕೊಂಡು ಬಂದು ಮಹಡಿಯ ಮೇಲೆ ಕೂತರು. ಹದಿನಾರನೆಯವರಾಗಿ, ಲೇಬಲ್ ವಿಭಾಗದಲ್ಲಿ ಇಪ್ಪತ್ತು ವರ್ಷ ಲೇಬಲ್ ನೇರವಾಗಿ ಅಂಟಿದೆಯೇ ಎಂದು ನೋಡುತ್ತಿದ್ದ ಟ್ರೀನಾರನ್ನು, ಟೈಪ್ ಬರುತ್ತದೆ ಎಂಬ ಕಾರಣಕ್ಕೆ ಮೇಲೆ ಕಳಿಸಿದರು.

ಹಿರಿಯ ಟೆರ್ ಬೀಕ್ ಒಂದೇ ಒಂದು ಷರತ್ತು ಹಾಕಿದ್ದರು. ತಮ್ಮ ಹೆಸರಿನ ಆಟವನ್ನು ಭಾನುವಾರ ಯಾರೂ ಆಡಕೂಡದು.

"ಆಟಕ್ಕೆ ಇವತ್ತು ಯಾವ ವಾರ ಅಂತ ಗೊತ್ತಾಗಲ್ಲ ಸರ್," ಎಂದರಂತೆ ಚಪ್ಪಲಿಯವರು.

"ಗೊತ್ತಾಗ್ದಿದ್ರೆ ನೀವು ಹೇಳಿ ಅದಕ್ಕೆ," ಎಂದರಂತೆ ಯಜಮಾನರು.

ಕೊನೆಗೆ ಡಬ್ಬಿಯ ಮೇಲೆ 'ಭಾನುವಾರ ವಿಶ್ರಾಂತಿ' ಎಂದು ಅಚ್ಚುಹಾಕಿ ಸಮಾಧಾನ ಮಾಡಿದರು. ಅಚ್ಚು ನಡೆದದ್ದು ನಮ್ಮದೇ ಲೇಬಲ್ ಮುದ್ರಣಾಲಯದಲ್ಲಿ. ಅಲ್ಲಿಯವರು ಮೂವತ್ತು ವರ್ಷದಿಂದ ಪ್ರತಿ ಜಾಡಿಯ ಮೇಲೆ ಹಾಕುತ್ತಿದ್ದ ಸಾಲುಗಳನ್ನು ಅಭ್ಯಾಸಬಲದಿಂದ ಈ ಡಬ್ಬಿಗಳ ಮೇಲೂ ಹಾಕಿಬಿಟ್ಟರು: 'ಕೊನೆ ಮುಟ್ಟುವವರೆಗೂ ನಮ್ಮ ಹೊಣೆ. ಬರೆದವರಿಗೆಲ್ಲ ಉತ್ತರ. — ಟೆರ್ ಬೀಕ್ ಮತ್ತು ಮಕ್ಕಳು'. ಜಾಡಿಯ ಉಪ್ಪಿನಕಾಯಿ ಹೆಚ್ಚೆಂದರೆ ಎರಡು ತಿಂಗಳಿಗೆ ಮುಗಿಯುತ್ತದೆ. ಆ ಆಟಗಳು ಮುಗಿಯುವಂಥವಲ್ಲ ಎಂಬುದು ಮುದ್ರಣಾಲಯದಲ್ಲಿ ಯಾರಿಗೂ ಹೊಳೆಯಲಿಲ್ಲ.

ಮೂರು ಆಟ ಬಂದವು. ಒಂದರಲ್ಲಿ ಸೌತೆಕಾಯಿಯೊಂದು ವಿಮಾನ ಹಾರಿಸುತ್ತಿತ್ತು. ಅದರ ಬಗ್ಗೆ ಹೆಚ್ಚು ಹೇಳದಿರುವುದೇ ಮರ್ಯಾದೆ. ಚೆನ್ನಾಗಿದ್ದದ್ದು 'ದೀಪಸ್ತಂಭ' ಒಂದೇ. ಬಿರುಗಾಳಿ, ಕತ್ತಲ ಸರೋವರ, ಸುತ್ತುವ ಬೆಳಕು. ಬೆಳಕು ಬಿದ್ದಾಗ ಮಾತ್ರ ನೀರಿನಲ್ಲಿರುವ ನಾವಿಕ ಕಾಣುತ್ತಾನೆ, ದೋಣಿ ನಡೆಸಿ ಅವನನ್ನು ದಡಕ್ಕೆ ತರಬೇಕು. ಒಂದು ಬಿರುಗಾಳಿ ಮುಗಿದರೆ ಇನ್ನೊಂದು, ಮೊದಲಿನದಕ್ಕಿಂತ ಜೋರು. ಡಬ್ಬಿಯ ಮೇಲೆ ಗಡ್ಡದ ಮುದುಕನ ಚಿತ್ರ, ಅದರ ಕೆಳಗೆ ಒಂದು ಪ್ರಶ್ನೆ: 'ಕೊನೆಯ ನಾವಿಕನನ್ನು ದಡ ಮುಟ್ಟಿಸುವಿರಾ?'

ಹದಿನೆಂಟು ತಿಂಗಳಿಗೆ ಎಲ್ಲ ಮುಗಿಯಿತು. ದೇಶಕ್ಕೆ ದೇಶವೇ ಆಟ ಸಾಕೆಂದಿತು. ಚಪ್ಪಲಿಯವರು ಹೊರಟುಹೋದರು, ರಾಡ್ನಿ ಮುಚ್ಚಳಕ್ಕೆ ಇಳಿದ. ಟ್ರೀನಾ ಮಾತ್ರ ಉಳಿದರು, ಯಾಕೆಂದರೆ ಕಾಗದಗಳು ಇನ್ನೂ ಬರುತ್ತಿದ್ದವು. "ನನ್ನಪ್ಪನ ಕಾಲದಿಂದ ಬರೆದೋರಿಗೆ ಉತ್ತರ ಕೊಟ್ಟಿದೀವಿ," ಎಂದು ಹಿರಿಯ ಟೆರ್ ಬೀಕ್ ತೀರ್ಪು ಕೊಟ್ಟರು. "ಒಂದು ಕಾಗದ ಬರ್ತಿರೋವರ್ಗೂ ಒಂದು ಮೇಜು ಇರುತ್ತೆ."

ಹಾಗೆ ಟ್ರೀನಾ ಒಂದು ವಿಭಾಗವಾದರು. ಬೆಳಗ್ಗೆ ಟಪಾಲು ಒಡೆಯುವುದು, ಬರೆದವರು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೋ ಅಲ್ಲಿಯವರೆಗೆ ತಾವೇ ಆಡಿ ನೋಡುವುದು, ಹಾದಿ ಹುಡುಕಿ ಉತ್ತರ ಟೈಪ್ ಮಾಡುವುದು. ಐವತ್ತು ದಾಟಿದ ಹೆಂಗಸು ಮರದ ಪೆಟ್ಟಿಗೆಯ ಟಿವಿ ಮುಂದೆ, ಶಬ್ದ ಪೂರ್ತಿ ಆರಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಪಿಯಾನೋ ಮುಂದೆ ಕೂತ ಹಾಗೆ ಕೂರುತ್ತಿದ್ದರು. ಬಂಡೆಗಳ ನಕ್ಷೆಯನ್ನು ತಿರಸ್ಕೃತ ಲೇಬಲ್‌ಗಳ ಹಿಂಭಾಗದಲ್ಲಿ ಬರೆದಿಟ್ಟಿದ್ದರು. ಆ ಮೂರು ಆಟಗಳಲ್ಲಿ ಅವರನ್ನು ಮೀರಿಸುವವರು ಭೂಮಿಯ ಮೇಲಿರಲಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಅದನ್ನು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ ಅಷ್ಟೆ. ತಾಯಿ ಸತ್ತ ಮೇಲೆ ಮನೆಯಲ್ಲಿ ಅವರೊಬ್ಬರೇ. ಚರ್ಚಿನಲ್ಲಿ ಟಿವಿಯನ್ನೇ ಅನುಮಾನದಿಂದ ನೋಡುವ ಜನ.

ಇನ್ನು ಕ್ಯಾಂಟೀನು. ನಮ್ಮಲ್ಲಿ ವಿಭಾಗಕ್ಕೊಂದು ಮೇಜು, ಮೇಲೆ ದಾರದಲ್ಲಿ ತೂಗುಬಿಟ್ಟ ರಟ್ಟಿನ ಹೆಸರು. ಲೇಬಲ್‌ನವರು ಲೇಬಲ್ ಮೇಜಿನಲ್ಲಿ, ಮುಚ್ಚಳದವರು ಮುಚ್ಚಳದ ಮೇಜಿನಲ್ಲಿ. ವಿಡಿಯೋ ಮನರಂಜನೆಗೂ ಒಂದು ಉದ್ದ ಮೇಜು, ಹದಿನಾರು ಕುರ್ಚಿ. ಅದರ ಒಂದು ತುದಿಯಲ್ಲಿ ಟ್ರೀನಾ, ಅವರ ಬಟಾಣಿ ಸೂಪು, ಅವರ ಹ್ಯಾಮ್ ಬನ್ನು. ಉಳಿದ ಹದಿನೈದು ಕುರ್ಚಿಯನ್ನು ಯಾರೂ ಮುಟ್ಟುತ್ತಿರಲಿಲ್ಲ.

ಲೇಬಲ್‌ನ ಹರ್ಮಿನಾ ಎಂಬಾಕೆಯನ್ನು ನಾನೊಮ್ಮೆ ಕೇಳಿದೆ, "ನಿಮ್ಮ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದೋರು, ಕರೀಬಾರ್ದಾ?"

"ಅಯ್ಯೋ, ನಾವ್ಯಾಕೆ ಅವಳಿಗೆ ತೊಂದ್ರೆ ಕೊಡೋದು? ಅವಳಿಗೆ ಒಬ್ಬಳೇ ಇರೋದು ಇಷ್ಟ ಇರ್ಬೇಕು. ಇಲ್ದಿದ್ರೆ ಬರ್ತಿರ್ಲಿಲ್ವಾ?"

ಟ್ರೀನಾರನ್ನು ಕೇಳಿದರೆ, "ಕರೀದೇ ಹೋಗಿ ಕೂರೋಕೆ ನಾನೇನು ನೊಣನಾ?"

ಬೇರೆಯವರ ಮೇಲೆ ಭಾರವಾಗಬಾರದೆಂಬ ಈ ಶಿಷ್ಟಾಚಾರದಿಂದ ನಮ್ಮ ಊರಿನಲ್ಲಿ ಎಷ್ಟು ಜನ ತಣ್ಣಗಾದ ಸೂಪು ಕುಡಿದಿದ್ದಾರೋ ದೇವರಿಗೇ ಗೊತ್ತು. ನಾನಂತೂ ಸಂಪಾದಕ. ನನ್ನನ್ನು ಲೆಕ್ಕಪತ್ರದವರ ಮೇಜಿಗೆ ಹಚ್ಚಿದ್ದರು, ಹಚ್ಚಿದಲ್ಲಿ ಕೂರುತ್ತಿದ್ದೆ.

ವರ್ಷ ಕಳೆದಂತೆ ಕಾಗದಗಳು ತೆಳುವಾದವು. ೧೯೮೭ರ ಹೊತ್ತಿಗೆ ಬರೆಯುತ್ತಿದ್ದವನು ಒಬ್ಬನೇ: ಮಿನೆಸೋಟಾದ ಉತ್ತರದ ತುದಿಯಲ್ಲಿದ್ದ ಲ್ಯಾಂಬರ್ಟ್ ಸ್ಕೋಗ್‌ಲುಂಡ್ ಎಂಬ ನಿವೃತ್ತ ರೈಲ್ವೆ ನೌಕರ. ಬಿತ್ತನೆಬೀಜದ ಕ್ಯಾಟಲಾಗಿನ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಮೂರು ವರ್ಷದಲ್ಲಿ ನಲವತ್ತೊಂದು ಕಾಗದ. 'ಅರವತ್ತನೆಯ ಬಿರುಗಾಳಿ ದಾಟಿದೆ. ಇಲ್ಲಿ ಮೊಣಕಾಲುದ್ದ ಹಿಮ. ಕೊನೆಯ ನಾವಿಕ ಯಾವಾಗ ಬರುತ್ತಾನೆ?' ಟ್ರೀನಾ ಬರೆಯುತ್ತಿದ್ದರು: 'ಅರವತ್ತೊಂದರಲ್ಲಿ ಎಡಗಡೆಯ ಬಂಡೆಯ ಹತ್ತಿರವೇ ಇರಿ. ಇಲ್ಲೂ ಹಿಮ.' ಪ್ರತಿ ಸಲ ಅವನು ಅದೇ ಕೇಳುತ್ತಿದ್ದ. ಪ್ರತಿ ಸಲ ಇವರು ಬೇರೆ ಏನನ್ನೋ ಹೇಳುತ್ತಿದ್ದರು. ಗೋಡೆಯ ಮೇಲೆ ರಾಡ್ನಿಯ ಕಾಲದ ಆಜ್ಞೆ ಇನ್ನೂ ಅಂಟಿಕೊಂಡಿತ್ತು: 'ಕೊನೆಯ ನಾವಿಕನ ರಹಸ್ಯವನ್ನು ಯಾರಿಗೂ ತಿಳಿಸತಕ್ಕದ್ದಲ್ಲ.'

ಅದೇ ವರ್ಷ ಹಿರಿಯರು ಹಾಸಿಗೆ ಹಿಡಿದರು. ಮುಚ್ಚಳದಿಂದ ಮತ್ತೆ ಮೇಲೇರಿದ ರಾಡ್ನಿ, ಮಾವನ ಮಾತನ್ನು ಮುರಿಯದೆ ಮುಗಿಸುವ ಉಪಾಯ ಕಂಡುಹಿಡಿದ. ತೊಂಬತ್ತು ದಿನ ಒಂದೂ ಕಾಗದ ಬಾರದಿದ್ದರೆ ಮೇಜನ್ನು ಮುಚ್ಚುವುದು. ಟ್ರೀನಾ ವಾಪಸು ಲೇಬಲ್‌ಗೆ. ಸ್ಕೋಗ್‌ಲುಂಡ್ ತಿಂಗಳಿಗೊಂದು ಬರೆಯುತ್ತಿದ್ದುದರಿಂದ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

೧೯೮೮ರ ಫೆಬ್ರವರಿಯ ಒಂದು ಬೆಳಗ್ಗೆ ಬೌಲಿಂಗ್ ಫಲಿತಾಂಶ ಟೈಪ್ ಮಾಡಿಸಲು ಹೋದಾಗ ಟ್ರೀನಾ ಟಿವಿ ಹಚ್ಚಿರಲಿಲ್ಲ. ಕ್ಯಾಟಲಾಗಿನ ಹಾಳೆಯೊಂದನ್ನು ನನ್ನತ್ತ ತಳ್ಳಿದರು.

'ತೊಂಬತ್ತೇಳು. ಮಾರ್ಚಿನಲ್ಲಿ ಕಣ್ಣಿನ ಆಪರೇಷನ್. ಒಂದು ಕಣ್ಣು ಹೋಗಬಹುದು ಅಂದಿದ್ದಾರೆ. ಅಷ್ಟರೊಳಗೆ ಕೊನೆಯವನನ್ನು ದಡಕ್ಕೆ ತರಬೇಕೆಂದಿದೆ. ದಿನಕ್ಕೆ ಆರು ಗಂಟೆ ಆಡುತ್ತಿದ್ದೇನೆ. ಇನ್ನೆಷ್ಟು ಉಳಿದಿದೆ, ದಯವಿಟ್ಟು ತಿಳಿಸಿ.'

"ಇನ್ನೆಷ್ಟು ಉಳಿದಿದೆ?" ಎಂದೆ.

"ಕೊನೇ ನಾವಿಕ ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಡಬ್ಬಿ ಮೇಲೆ ಇದಾನೆ, ಆಟದೊಳಗಿಲ್ಲ. ಅದನ್ನ ಬರೆದ ಹುಡ್ಗಂಗೆ ಆವಾಗ್ಲೇ ಕಾಗದ ಹಾಕಿ ಕೇಳಿದ್ದೆ. ಹಾಕ್ಬೇಕು ಅಂತಿದ್ದೆ, ಜಾಗ ಸಾಲ್ಲಿಲ್ಲ ಅಂತ ಬರೆದ. ತೊಂಬತ್ತೊಂಬತ್ತು ಆದ್ಮೇಲೆ ಸೊನ್ನೆ ಬರುತ್ತೆ. ತಿರ್ಗಾ ಮೊದಲ್ನೇ ಬಿರುಗಾಳಿ. ನಾನು ಮೂವತ್ತು ಸಲ ನೋಡಿದೀನಿ."

"ಹಾಗಿದ್ರೆ ಅವನೇ ಎರಡು ದಿನದಲ್ಲಿ ನೋಡ್ಕೋತಾನೆ ಬಿಡಿ. ನೀವ್ಯಾಕೆ ಹೇಳ್ಬೇಕು?"

"ಸೊನ್ನೆ ನೋಡಿ ತನ್ನದೇ ತಪ್ಪು ಅಂದ್ಕೋತಾನೆ. ಎಲ್ಲೋ ಒಬ್ಬ ನಾವಿಕನ್ನ ಬಿಟ್ಬಂದೆ ಅಂದ್ಕೊಂಡು ಮೊದ್ಲಿಂದ ಶುರು ಮಾಡ್ತಾನೆ. ಅಂಥೋರು ಹಾಗೇ."

"ಹೇಳಿದ್ರೆ ಮತ್ತೆ ಬರಿಯಲ್ಲ, ಟ್ರೀನಾ. ತೊಂಬತ್ತು ದಿನ."

"ನಂಗೂ ಎಣಿಸೋಕೆ ಬರುತ್ತೆ."

ಪೆಪ್ಪರ್‌ಮಿಂಟ್ ಬಾಯಿಗೆ ಹೋಯಿತು. ಅವರು ಹಾಳೆ ಸಿಕ್ಕಿಸಿ ಟೈಪ್ ಮಾಡಿದರು. ನಾನು ಹಿಂದೆ ನಿಂತು ಓದಿದೆ.

'ಶ್ರೀ ಸ್ಕೋಗ್‌ಲುಂಡ್ ಅವರಿಗೆ, ಕೊನೆಯ ನಾವಿಕ ಇಲ್ಲ. ಆಟದಲ್ಲಿ ಅವನಿಗೆ ಜಾಗ ಸಾಲಲಿಲ್ಲ. ತೊಂಬತ್ತೊಂಬತ್ತರ ನಂತರ ಸೊನ್ನೆ ಬರುತ್ತದೆ. ಅದು ನಿಮ್ಮ ತಪ್ಪಲ್ಲ. ನೀರಿನಲ್ಲಿದ್ದವರನ್ನೆಲ್ಲ ನೀವು ದಡಕ್ಕೆ ತಂದಿದ್ದೀರಿ. ಇದನ್ನು ಮೊದಲ ಕಾಗದಕ್ಕೇ ಹೇಳಬೇಕಿತ್ತು, ಹೇಳಲಿಲ್ಲ. ಕ್ಷಮಿಸಿ. ಕಣ್ಣಿಗೆ ವಿಶ್ರಾಂತಿ ಕೊಡಿ. ಟ್ರೀನಾ ವಿಯರ್ಸ್ಮಾ.'

ಸಹಿ ಹಾಕಿ, ಲಕೋಟೆ ಅಂಟಿಸಿ, ತಾವೇ ಕೆಳಗಿಳಿದು ಟಪಾಲಿನ ಚೀಲಕ್ಕೆ ಹಾಕಿ ಬಂದರು. ಆಮೇಲೆ ನನ್ನ ಬೌಲಿಂಗ್ ಫಲಿತಾಂಶ ಟೈಪ್ ಮಾಡಿಕೊಟ್ಟರು. ಒಂದೂ ತಪ್ಪಿರಲಿಲ್ಲ.

ಮಾರ್ಚ್ ಬಂತು, ಕಾಗದ ಬರಲಿಲ್ಲ. ಏಪ್ರಿಲ್ ಬಂತು. ಹತ್ತು ಗಂಟೆಗೆ ಟಪಾಲಿನವನು ಹಜಾರದ ಈ ತುದಿಯಲ್ಲೇ ತಿರುಗಿ ಇಳಿಯುವುದು ನನ್ನ ಮೇಜಿಗೆ ಕಾಣುತ್ತಿತ್ತು. ಅವರ ಕೋಣೆಯ ಬಾಗಿಲು ಆ ಹೊತ್ತಿಗೆ ತೆರೆದಿರುತ್ತಿತ್ತು. ಅವನ ಹೆಜ್ಜೆ ಮೆಟ್ಟಿಲು ಇಳಿದ ಮೇಲೆ ಮುಚ್ಚಿಕೊಳ್ಳುತ್ತಿತ್ತು. ಒಳಗೆ ಅವರು ಆಡುತ್ತಿದ್ದರೋ ಸುಮ್ಮನೆ ಕೂತಿದ್ದರೋ ಹೇಳುವುದು ಕಷ್ಟ. ಎರಡಕ್ಕೂ ಸದ್ದಿರಲಿಲ್ಲ.

ಎಂಬತ್ತನೆಯ ದಿನ ನನ್ನೊಳಗಿನ ಸಾಹಿತಿ ಎದ್ದ. ನಾನೇ ಒಂದು ಕಾಗದ ಬರೆದರೆ? ಅಯೋವಾದಲ್ಲಿ ನನ್ನ ನಾದಿನಿ ಇದ್ದಳು. ಅವಳ ಊರಿನಿಂದ, ಓಪಲ್ ಫಿಂಚ್ ಎಂಬ ವಿಧವೆಯ ಹೆಸರಿನಲ್ಲಿ, ಎರಡು ಪುಟ ಬರೆದು, ಅಲ್ಲಿಂದಲೇ ಅಂಚೆಗೆ ಹಾಕಿಸಿದೆ. ಓಪಲ್ ಫಿಂಚಳಿಗೆ ಸಂಧಿವಾತವಿತ್ತು, ಒಂದು ಗಿಳಿಯಿತ್ತು, 'ದೀಪಸ್ತಂಭ' ಅವಳ ಬಾಳಿಗೆ ಬೆಳಕಾಗಿತ್ತು. ಬರೆಯುತ್ತ ನನ್ನ ಕಣ್ಣೇ ಮಂಜಾಯಿತು. 'ಉಪ್ಪುನೀರಿ'ನಂಥ ಪತ್ರಿಕೆಯಲ್ಲಿ ನನ್ನ ಪ್ರತಿಭೆ ವ್ಯರ್ಥವಾಗುತ್ತಿದೆ ಎನ್ನಿಸಿತು.

ಎಂಬತ್ತಾರನೆಯ ದಿನ ಟ್ರೀನಾ ನನ್ನ ಮೇಜಿನ ಮುಂದೆ ನಿಂತರು. ಕೈಯಲ್ಲಿ ಓಪಲ್ ಫಿಂಚ್.

"ಪತ್ರಿಕೆಯವ್ರೇ, ಈಯಮ್ಮ ಮೂರನೇ ಬಾಗ್ಲು ತೆಗೀತಿಲ್ಲ ಅಂತ ಅಳ್ತಿದಾಳೆ."

"ಪಾಪ," ಎಂದೆ. "ಏನು ಮಾಡ್ಬೇಕಂತೆ?"

"ಈ ಆಟದಲ್ಲಿ ಬಾಗ್ಲೇ ಇಲ್ಲ. ನೀರು, ಬಂಡೆ, ದೋಣಿ ಅಷ್ಟೇ. ನಾಲ್ಕು ವರ್ಷದಿಂದ ನನ್ನ ಕೋಣೆಗೆ ಬಂದು ಹೋಗ್ತಿದೀರಿ. ಒಂದ್ಸಲನಾದ್ರೂ ಟಿವಿ ಕಡೆ ತಿರುಗಿ ನೋಡಿದೀರಾ?"

ಅವರು ಟೈಪ್ ಮಾಡಿದ ಒಂದು ಹಾಳೆ ಮೇಜಿನ ಮೇಲಿಟ್ಟರು. ಬರೆದವರಿಗೆಲ್ಲ ಉತ್ತರ ಎಂಬುದು ಕಂಪನಿಯ ಮಾತಲ್ಲವೇ? 'ಶ್ರೀಮತಿ ಫಿಂಚ್ ಅವರಿಗೆ, ನಮ್ಮ ಆಟದಲ್ಲಿ ಬಾಗಿಲು ಇಲ್ಲ. ಬಾಗಿಲು ಕಂಡಿದ್ದರೆ ನೀವು ಬೇರೆ ಕಂಪನಿಯ ಆಟ ಆಡುತ್ತಿದ್ದೀರಿ. ದಯವಿಟ್ಟು ಅವರಿಗೆ ಬರೆಯಿರಿ. ಗಿಳಿಗೆ ನಮಸ್ಕಾರ.'

"ಟಪಾಲಿನ ಪುಸ್ತಕದಲ್ಲಿ ಹಾಕ್ಕೊಳ್ಳಿ, ಟ್ರೀನಾ. ಇನ್ನೂ ತೊಂಬತ್ತು ದಿನ ಸಿಗುತ್ತೆ."

"ಹಾಕ್ಕೊಂಡಾಯ್ತು. 'ನಮ್ಮ ಆಟಕ್ಕೆ ಸಂಬಂಧಿಸಿದ್ದಲ್ಲ' ಅಂತ." ಎರಡು ಹೆಜ್ಜೆ ಹೋಗಿ ತಿರುಗಿದರು. "ಗಿಳಿ ಚೆನ್ನಾಗಿತ್ತು."

ತೊಂಬತ್ತನೆಯ ದಿನ ಮೇ ತಿಂಗಳ ಮೊದಲ ವಾರದ ಶುಕ್ರವಾರ ಬಿತ್ತು. ಅವತ್ತು ಟಪಾಲಿನವನು ಹಜಾರದ ಕೊನೆಯವರೆಗೂ ನಡೆದುಹೋದ. ನಾನು ಕುರ್ಚಿಯಿಂದ ಅರ್ಧ ಎದ್ದೆ. ಬಂದದ್ದು ವಿಳಾಸ ತಪ್ಪಿದ ಕಾಗದ. ಓಹಾಯೋದ ಯಾರಿಗೋ ಜಾಡಿಯ ಮುಚ್ಚಳ ತಿರುಗುತ್ತಿರಲಿಲ್ಲವಂತೆ. ಟ್ರೀನಾ ಅದನ್ನು ಮುಚ್ಚಳದ ವಿಭಾಗಕ್ಕೆ ಕಳಿಸಿದರು. ಹನ್ನೊಂದು ಗಂಟೆಗೆ ರಾಡ್ನಿ ಟೈ ಸರಿಮಾಡಿಕೊಳ್ಳುತ್ತ ಬಂದು, ಸಂಸ್ಥೆಯ ಇತಿಹಾಸದಲ್ಲಿ ಒಂದು ಅಧ್ಯಾಯ ಮುಗಿಯಿತೆಂದೂ, ಈ ಯುಗಕ್ಕೆ ತಾನೇ ಸಾಕ್ಷಿಯೆಂದೂ ನಾಲ್ಕು ಮಾತಾಡಿದ. ಕೇಳುವವರು ನಾವಿಬ್ಬರೇ ಇದ್ದೆವು. "ಸ್ಕ್ರೂಡ್ರೈವರ್ ತಂದ್ಯೇನಪ್ಪಾ?" ಎಂದು ಟ್ರೀನಾ ಕೇಳಿದರು. ಅವನು ತಂದಿರಲಿಲ್ಲ.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಅವರು ಎಂದಿನ ತುದಿಯಲ್ಲಿ ಕೂತಿದ್ದರು. ನಾನು ತಟ್ಟೆ ಹಿಡಿದು ಲೆಕ್ಕಪತ್ರದ ಮೇಜಿನವರೆಗೆ ಹೋದೆ, ನಿಂತೆ, ತಿರುಗಿದೆ. ಆ ಉದ್ದ ಮೇಜಿನ ಬಳಿಗೆ ನಡೆಯುವುದಕ್ಕೆ ಇಪ್ಪತ್ತು ಹೆಜ್ಜೆಯಾದರೂ ಬೇಕಾಯಿತು. ಲೇಬಲ್‌ನವರ ಚಮಚಗಳು ನಿಂತವು. ಟ್ರೀನಾ ಎದುರಿನ ಕುರ್ಚಿ ಎಳೆದಾಗ ಕಾಲು ನೆಲಕ್ಕೆ ಕಿರ್ರೆಂದಿತು. ಅಷ್ಟು ದಿನ ಅದನ್ನು ಯಾರೂ ಎಳೆದಿರಲಿಲ್ಲ.

"ಕೂರ್ಲಾ?" ಎಂದೆ, ಕೂತ ಮೇಲೆ.

"ಕೂತಾಯ್ತಲ್ಲ."

ಇಬ್ಬರೂ ಸ್ವಲ್ಪ ಹೊತ್ತು ಸೂಪು ಕುಡಿದೆವು. ಅವರು ಉಪ್ಪಿನ ಡಬ್ಬಿಯನ್ನು ನನ್ನತ್ತ ಸರಿಸಿದರು. ನಾನು ಬನ್ನಿನ ಅರ್ಧ ಮುರಿದು ಕೊಡಹೋದೆ, ತಮ್ಮದು ತೋರಿಸಿದರು. ಏನಾದರೂ ಮಾತಾಡಬೇಕಲ್ಲ. ಮೂರು ತಿಂಗಳಿನಿಂದ ಕೇಳದೆ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ.

"ಆ ಸ್ಕೋಗ್‌ಲುಂಡ್ ಕೋಪ ಬಂದು ಬರೀಲಿಲ್ವೋ, ದುಃಖ ಆಗಿ ಬರೀಲಿಲ್ವೋ? ಅಥವಾ ಆಪರೇಷನ್ ಏನಾದ್ರೂ ಕೆಟ್ಟಿತೋ? ನಿಮಗೇನನ್ಸುತ್ತೆ ಟ್ರೀನಾ, ಯಾಕೆ ಬರೀಲಿಲ್ಲ?"

ಅವರು ಚಮಚ ಕೆಳಗಿಟ್ಟು ನನ್ನನ್ನು ನೋಡಿದರು.

"ಕೇಳಿದ್ದಕ್ಕೆ ಉತ್ತರ ಬಂತು. ಇನ್ನೇನು ಬರೀತಾನೆ?"